ಅಮ್ಮ, ಚಿಕ್ಕಮ್ಮ: ಒಂದು ಹೋಲಿಕೆ

‘ಚೆನ್ನಾಗಿದೆ’ ಎಂಬ ಮಾತು ನನ್ನ ಬಾಯಿಂದ ಅಷ್ಟು ಸುಲಭಕ್ಕೆ ಬರುವುದಿಲ್ಲ. ಹೊಗಳಿ ಅಟ್ಟಕ್ಕೇರಿಸುವ ಟ್ಯೂಷನ್ ಮೇಡಂಗಳು ಇಂದಿರಾನಗರದಲ್ಲಿ ಕ್ರಾಸಿಗೊಬ್ಬರಿದ್ದಾರೆ, ಅದೇ ಬೇಕಿದ್ದರೆ ಅಲ್ಲಿಗೇ ಹೋಗಿ ಎಂದು ಬಂದವರಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಬಂದ ಮಕ್ಕಳು ಬರೆಯುವುದನ್ನು ಕಲಿಯುತ್ತಾರೆ, ಅಷ್ಟೆ. ನನ್ನ ಗಂಡ ನಾಣಿ ಕಾರ್ಖಾನೆಯಿಂದ ರಿಟೈರ್ ಆದವರು. ಮಹಡಿಯ ಮೇಲೆ ಪಾಠ ಮುಗಿಸಿ ನಾನು ಇಳಿದು ಬಂದೊಡನೆ, ಪೇಪರಿನಿಂದ ತಲೆ ಎತ್ತದೆ, ‘ಏನೇ ಮಧುರಾ, ಇವತ್ತು ಯಾರನ್ನ ಅಳಿಸ್ದೆ?’ ಎಂದು ಕೇಳುವುದು ಅವರ ದಿನನಿತ್ಯದ ಕೆಲಸ.

ನಂದಿತಾ ಅಳುವ ಹುಡುಗಿಯಲ್ಲ. ಜೋಗುಪಾಳ್ಯದವಳು, ಬಿ.ಕಾಂ. ಮೊದಲನೇ ವರ್ಷ. ಅವಳನ್ನು ನನ್ನಲ್ಲಿಗೆ ಕರೆತಂದವಳು ಅವಳ ಚಿಕ್ಕಮ್ಮ ಭಾಗ್ಯಲಕ್ಷ್ಮಿ. ಚಿಕ್ಕಮ್ಮ ಎಂದರೆ ತಾಯಿ ಸತ್ತ ಮೇಲೆ ಅಪ್ಪ ಮಾಡಿಕೊಂಡ ಎರಡನೇ ಹೆಂಡತಿ. ಮುಳಬಾಗಿಲು ಕಡೆಯ ಹೆಣ್ಣು, ಮಾತಿಗಿಂತ ಮೊದಲು ನಗು, ಆ ನಗುವೂ ಬೀದಿಗೆ ಕೇಳಿಸುವಂಥದ್ದು. ‘ಅಕ್ಕಯ್ಯಾ, ಈ ಹುಡ್ಗಿ ಇಂಗ್ಲೀಷಲ್ಲಿ ಪಟಪಟಾಂತ ಬರೀಬೇಕು. ಏನ್ ಮಾಡ್ತೀರೋ ನಂಗೊತ್ತಿಲ್ಲ, ಬೇಕಾದ್ರೆ ಕಿವಿ ಹಿಂಡಿ,’ ಎಂದು ಊರಿನಿಂದ ತಂದ ಬೆರಕೆ ಸೊಪ್ಪಿನ ಕಟ್ಟೊಂದನ್ನು ನನ್ನ ಕೈಯಲ್ಲಿ ಇಟ್ಟಳು. ಅವಳ ಕತ್ತಿನಲ್ಲಿ ತಾಳಿಯ ಜೊತೆಗೆ ಇನ್ನೊಂದು ಪುಟ್ಟ ಚಿನ್ನದ ಬಿಲ್ಲೆ ಇತ್ತು. ಅದರಲ್ಲಿ ಹೆಣ್ಣಿನ ಮುಖವೊಂದನ್ನು ಒತ್ತಿದ್ದರು. ನಾನು ನೋಡುತ್ತಿರುವುದನ್ನು ಕಂಡು ಅವಳೇ ಹೇಳಿದಳು:

‘ಇದಾ? ಸವತಿ ತಾಳಿ, ತೀರ್ಕೊಂಡ ಮೊದಲ್ನೇ ಹೆಂಡ್ತಿದು. ನಮ್ಮಕ್ಕ ವೆಂಕಟಮ್ಮ, ಇವಳ ಅಮ್ಮ. ಹೊಸ ಸೀರೆ, ಹೂವು, ಹಬ್ಬದಡ್ಗೆ ಏನೇ ಇದ್ರೂ ಮೊದ್ಲು ಅಕ್ಕಂಗೆ ಮುಟ್ಟಿಸಿ ಆಮೇಲೆ ನಂಗೆ. ಹಂಗ್ ಮಾಡಿದ್ರೆ ಅವ್ರು ತಣ್ಣಗಿರ್ತಾರಂತೆ. ಇರ್ಲಿ ಬಿಡಿ, ಮನೇಲಿ ಜೊತೆಗೊಬ್ರು ಇದ್ದಂಗಾಯ್ತು.’

ನಂದಿತಾ ಮುಖ ಸಿಂಡರಿಸಿಕೊಂಡು ಗೋಡೆ ನೋಡುತ್ತಿದ್ದಳು. ಅಮ್ಮನ ಮುಖ ಬೇರೆಯವಳ ಕತ್ತಿನಲ್ಲಿ ನೇತಾಡುವುದನ್ನು ಅವಳು ಸಹಿಸುತ್ತಿರಲಿಲ್ಲ ಎಂಬುದು ನೋಡಿದವರಿಗೆಲ್ಲ ತಿಳಿಯುವಂತಿತ್ತು.

ಕಾಲೇಜಿನಲ್ಲಿ ಒಂದು ಪ್ರಬಂಧ ಕೊಟ್ಟರು. ನಿಮಗೆ ಹತ್ತಿರದವರಾದ ಇಬ್ಬರನ್ನು ಆರಿಸಿಕೊಂಡು ಅವರ ಹೋಲಿಕೆ, ವ್ಯತ್ಯಾಸ ಬರೆಯಬೇಕು. ಮೊದಲು ಕನ್ನಡದಲ್ಲಿ ಬರೆದು, ತಿದ್ದಿ, ಆಮೇಲೆ ಇಂಗ್ಲಿಷಿಗೆ ಹೋಗುವುದು ನನ್ನ ಪದ್ಧತಿ. ತಲೆಯಲ್ಲೇ ಇಲ್ಲದ್ದು ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು? ನಂದಿತಾ ಅಮ್ಮನನ್ನೂ ಚಿಕ್ಕಮ್ಮನನ್ನೂ ಆರಿಸಿಕೊಂಡಿದ್ದಳು. ಅಮ್ಮ ಸಾರಿಗೆ ಚೂರು ಬೆಲ್ಲ ಹಾಕುತ್ತಿದ್ದಳು, ಚಿಕ್ಕಮ್ಮನ ಸಾರು ಬರೀ ಖಾರ. ಅಮ್ಮ ಒಲೆಯ ಮುಂದೆ ಮೆಲ್ಲಗೆ ಗುನುಗುತ್ತಿದ್ದಳು, ಚಿಕ್ಕಮ್ಮ ಊರೆಲ್ಲ ಕೇಳುವಂತೆ ನಗುತ್ತಾಳೆ. ಅಮ್ಮ ಎಡಚಿ, ಎಡಗೈಯಲ್ಲೇ ಸೌಟು ಹಿಡಿದು ಅತ್ತೆಯಿಂದ ಬೈಸಿಕೊಳ್ಳುತ್ತಿದ್ದಳು. ಅಮ್ಮ ಜಡೆ ಹಾಕಿದರೆ ಸಂಜೆಯವರೆಗೂ ಒಂದು ಕೂದಲು ಅಲ್ಲಾಡುತ್ತಿರಲಿಲ್ಲ, ಚಿಕ್ಕಮ್ಮನಿಗೆ ಜಡೆ ಹಾಕಲು ಬರುವುದಿಲ್ಲ. ಹೀಗೇ ಪುಟಗಟ್ಟಲೆ.

‘ಇದು ಪ್ರಬಂಧ ಅಲ್ಲ ಕಣೇ, ಚಾಡಿ,’ ಎಂದೆ.

‘ನಿಜಾನೇ ಬರ್ದಿದ್ದೀನಿ ಮಿಸ್.’

‘ನಿಜ ಇರಬಹುದು. ಒಬ್ಬಳನ್ನ ದೇವರ ಗೂಡಲ್ಲಿ ಕೂರಿಸಿ ಇನ್ನೊಬ್ಬಳನ್ನ ಹೊಸಿಲಾಚೆ ನಿಲ್ಲಿಸಿದ್ರೆ ಅದು ಹೋಲಿಕೆ ಆಗಲ್ಲ. ಇಬ್ಬರಿಗೂ ಒಂದೇ ಅಳತೆ ಹಿಡೀಬೇಕು. ಇಬ್ಬರನ್ನೂ ಅದದೇ ಪ್ರಶ್ನೆ ಕೇಳು. ಬೇರೆಬೇರೆ ಕಾಣೋರಲ್ಲಿ ಒಂದೇ ಥರ ಇರೋದು ಏನೂಂತ ಹುಡುಕು, ಅದೇ ಇದರ ಜೀವ. ಒಂದಾದ್ರೂ ಹೋಲಿಕೆ ಇಲ್ವಾ?’

‘ಒಂದೂ ಇಲ್ಲ.’

‘ಇರತ್ತೆ. ಸಿಗದಿದ್ರೆ ಇನ್ನೂ ನೋಡು.’

ಈ ಮಾತನ್ನು ನಾನು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಪಾಠ ಸರಿಯಾಗಿಯೇ ಇತ್ತು.

ಮುಂದಿನ ವಾರ ಅವಳು ಮೆಟ್ಟಿಲು ಹಾರಿಕೊಂಡು ಬಂದಳು. ‘ಒಂದು ಸಿಕ್ತು ಮಿಸ್. ಚಿಕ್ಕಮ್ಮ ನಿನ್ನೆ ಸಾರಿಗೆ ಬೆಲ್ಲ ಹಾಕಿದ್ಲು. ನಾನೇನೂ ಹೇಳಿರ್ಲಿಲ್ಲ.’

‘ಹ್ಞೂಂ, ಈಗ ದಾರಿಗೆ ಬಂದೆ,’ ಎಂದೆ. ನನ್ನ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಅದರ ಮುಂದಿನ ವಾರ ಗುನುಗುವಿಕೆ ಬಂತು. ಅದೂ ಯಾವುದೋ ಸಿನಿಮಾ ಹಾಡಲ್ಲ, ಸತ್ತವಳು ತಾನೇ ಕಟ್ಟಿಕೊಂಡಿದ್ದ, ಮಾತಿಲ್ಲದ ಒಂದು ಧಾಟಿ. ನಂದಿತಾ ಅದನ್ನು ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ‘ನೀನೇ ಮನೇಲಿ ಗುನುಗಿರ್ತೀಯ, ಅವಳು ಕೇಳಿಸ್ಕೊಂಡಿರ್ತಾಳೆ,’ ಎಂದು ನಾನು ಅಲ್ಲಿಗೆ ಮುಗಿಸಿದೆ. ಇಂಥದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಆದರೆ ಆಮೇಲೊಂದು ದಿನ ಅವಳು ಬಂದು ಕೂತವಳು ಪೆನ್ನು ಮುಟ್ಟಲಿಲ್ಲ. ತಲೆಯಲ್ಲಿ ಬಿಗಿಯಾದ ಜಡೆ, ಒಂದು ಕೂದಲು ಹೊರಗಿಲ್ಲ.

‘ಯಾರು ಹಾಕಿದ್ದೇ?’

‘ಚಿಕ್ಕಮ್ಮ.’ ಜಡೆಯ ತುದಿ ಹಿಡಿದುಕೊಂಡು ಹೇಳಿದಳು: ‘ಎಡಗೈಲಿ ಬಡಿಸ್ತಿದ್ಲು ಮಿಸ್. ಬಲಗೈಗೆ ಏನಾಯ್ತು ಅಂದೆ. ಏನಾಗಿದೆ, ನಾನು ಯಾವಾಗ್ಲೂ ಹಿಂಗೇ ತಾನೇ, ಅಂದ್ಲು.’

ಮಟಮಟ ಮಧ್ಯಾಹ್ನ, ಕೆಳಗೆ ನಾಣಿ ಕೆಮ್ಮುತ್ತಿದ್ದದ್ದು ಕೇಳಿಸುತ್ತಿತ್ತು, ಆದರೂ ನನಗೆ ಎದ್ದು ಕಿಟಕಿ ಪೂರ್ತಿ ತೆಗೆಯಬೇಕೆನಿಸಿತು.

‘ನಂದಿತಾ, ಇಬ್ಬರನ್ನೂ ಒಂದೇ ಪ್ರಶ್ನೆ ಕೇಳು ಅಂದಿದ್ದೆ. ಹೇಗೆ ಕೇಳ್ದೆ?’

‘ಚಿಕ್ಕಮ್ಮನ್ನ ಅಡುಗೆಮನೇಲಿ ಕೇಳ್ದೆ.’

‘ಅಮ್ಮನ್ನ?’

‘ಚಿಕ್ಕಮ್ಮ ಮಧ್ಯಾಹ್ನ ಮಲಗಿದಾಗ ಬಿಲ್ಲೆನ ಕೈಲಿ ಹಿಡ್ಕೊಂಡು ಕೇಳ್ದೆ. ಅಮ್ಮಾ, ನೀನು ಸಾರಿಗೆ ಏನು ಹಾಕ್ತಿದ್ದೆ, ಹೇಳು ಅಂತ. ದಿನಾ ಒಂದೊಂದು.’ ಅವಳು ನನ್ನನ್ನು ನೇರವಾಗಿ ನೋಡಿದಳು. ‘ನೀವೇ ಹೇಳಿದ್ದಲ್ವಾ ಮಿಸ್?’

ಆ ದಿನದ ನಂತರ ಅವಳು ಪಾಠಕ್ಕೆ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ‘ಬಿಡೇ, ಬರ್ತಾಳೆ, ನಿನ್ನ ಬೈಗುಳ ತಿನ್ನದೆ ಎಷ್ಟು ದಿನ ಇರ್ತಾಳೆ?’ ಎಂದು ನಾಣಿ ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಊಟ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಜೋಗುಪಾಳ್ಯಕ್ಕೆ ನಡೆದೇ ಹೋದೆ.

ಓಣಿಯ ಕೊನೆಯ ಮನೆ. ಬಾಗಿಲು ತೆರೆದವಳು ಭಾಗ್ಯಲಕ್ಷ್ಮಿ. ಅದೇ ಮುಖ, ಅದೇ ಮೈಕಟ್ಟು. ಆದರೆ ನಿಂತ ಭಂಗಿಯೇ ಬೇರೆ. ಸೊಂಟಕ್ಕೆ ಸೆರಗು ಸಿಕ್ಕಿಸಿ, ತುಟಿ ಬಿಗಿದು, ಗುರುತಿಲ್ಲದವರನ್ನು ನೋಡುವಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

‘ಯಾರು ಬೇಕಾಗಿತ್ತು?’

‘ನಾನು ಮಧುರಾ. ನಂದಿತಾಳ ಟ್ಯೂಷನ್ ಮಿಸ್. ನೀವೇ ಬಂದು ಸೇರಿಸಿದ್ರಲ್ಲಾ?’

‘ನಾನಾ? ನಿಮ್ಮುನ್ನ ನಾನು ನೋಡೇ ಇಲ್ಲ.’

ಸುಳ್ಳು ಹೇಳುವವರ ಕಣ್ಣು ನನಗೆ ಗೊತ್ತು, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಇವಳು ಸುಳ್ಳು ಹೇಳುತ್ತಿರಲಿಲ್ಲ. ಸತ್ತುಹೋದ ವೆಂಕಟಮ್ಮ ನನ್ನನ್ನು ಯಾವತ್ತೂ ನೋಡಿರಲಿಲ್ಲ, ಅದು ಸತ್ಯವೇ ತಾನೆ?

ಒಳಗೆ ಕಿಟಕಿಯ ಕಟ್ಟೆಯ ಮೇಲೆ ಫೋನ್ ಹೊಡೆದುಕೊಂಡಿತು. ‘ಅಮ್ಮ ಮುಳಬಾಗಿಲು’ ಎಂದು ಹೆಸರು ಬರುತ್ತಿತ್ತು. ಅವಳು ಅತ್ತ ನೋಡಿ ಹಾಗೇ ಬಿಟ್ಟಳು.

‘ನಿಮ್ಮ ತಾಯಿ ಅಲ್ವಾ? ಎತ್ತಿ,’ ಎಂದೆ.

‘ನಮ್ಮವ್ವ ತೀರ್ಕೊಂಡು ಎಷ್ಟೋ ಕಾಲ ಆಯ್ತು. ಇದ್ಯಾರೋ ಮುದುಕಿ. ದಿನಾ ಮಾಡಿ ಭಾಗ್ಯಾ ಭಾಗ್ಯಾ ಅಂತ ಅಳ್ತಾಳೆ. ರಾಂಗ್ ನಂಬರ್ ಅಂದ್ರೂ ಕೇಳಲ್ಲ.’ ಹಾಗೆಂದು ಅಡುಗೆಮನೆಗೆ ಹೋದಳು. ಅಲ್ಲಿಂದ ಆ ಮಾತಿಲ್ಲದ ಗುನುಗು ಕೇಳಿಸಿತು.

ಗೋಡೆಗೊರಗಿ ಕೂತಿದ್ದ ಅಜ್ಜಿ ಎಲೆ ಮಡಿಸುತ್ತಿದ್ದಳು. ನಂದಿತಾಳ ಅಪ್ಪ ಶ್ರೀರಾಮಪ್ಪನ ತಾಯಿ, ಚಿಕ್ಕಮುನಿಯಮ್ಮ. ಸತ್ತ ವೆಂಕಟಮ್ಮ ಅವಳಿಗೆ ಸೊಸೆಯಷ್ಟೇ ಅಲ್ಲ, ಸ್ವಂತ ಅಣ್ಣನ ಮಗಳು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

‘ಎದ್ರುಕೋಬ್ಯಾಡಿ ಮೇಡಮ್ಮಾರೆ. ನಮ್ ವೆಂಕಟಿ ಬಂದವ್ಳೆ, ಅಷ್ಟೇಯ. ಬಿಲ್ಲೆಗೆ ಕೊಡ್ಬೇಕು, ಏನ್ನೂ ಕೇಳ್ಬಾರ್ದು ಅಂತ ಹಿಂದ್ಲೋರು ಹೇಳವ್ರೆ. ಕೇಳುದ್ರೆ ಉತ್ರ ಹೇಳಕ್ಕೆ ಬತ್ತಾರೆ. ನಮ್ ಹುಡ್ಗಿ ಕೇಳವ್ಳೆ, ಅವ್ಳು ಬಂದವ್ಳೆ.’

‘ನಿಮ್ಮ ಮಗ ಏನೂ ಅನ್ನಲ್ವಾ?’

‘ಟೆಂಪೋ ಓಡ್ಸಿ ದಣ್ಕೊಂಡ್ ಬತ್ತಾನೆ. ಮನೆ ತಣ್ಣಗೈತೆ, ಅವ್ನೂ ಸುಮ್ನವ್ನೆ.’

‘ಮತ್ತೆ ಭಾಗ್ಯಲಕ್ಷ್ಮಿ ಎಲ್ಲಿ ಹೋದ್ಲು ಅಜ್ಜಿ? ಅವಳೂ ಒಬ್ಬ ತಾಯಿ ಹೆತ್ತ ಮಗಳಲ್ವಾ?’

‘ಅವ್ಳುನ್ನ ಯಾರು ಕೇಳುದ್ರು?’ ಎಂದು ಅಜ್ಜಿ ಎಲೆಗೆ ಸುಣ್ಣ ಸವರಿದಳು. ‘ಸುಕ್ರವಾರ ನಮ್ ಹುಡುಗಂಗೂ ನಂದಿತಂಗೂ ಮದ್ವೆ ಒಪ್ಪಂದ. ವೆಂಕಟಿ ತಮ್ಮ ಅವ್ನು. ಇವ್ಳು ಹತ್ನೇ ಕ್ಲಾಸ್ ಇದ್ದಾಗ್ಲೇ ವೆಂಕಟಿ ಮಾತ್ ಕೊಟ್ಟಿದ್ಲು. ಆ ಮುಳಬಾಗ್ಲವ್ಳು ಬಂದು ಅಡ್ಡ ನಿಂತ್ಕೊಂಡು, ಓದ್ಲಿ ಓದ್ಲಿ ಅಂತ ಕುಣದ್ಲು. ಈಗ ಸರಿಹೋಯ್ತು. ಕಾಲೇಜು ಸಾಕು ಅಂತ ವೆಂಕಟಿನೇ ಅಂದವ್ಳೆ.’

ನನಗೆ ಸಿಟ್ಟು ನೆತ್ತಿಗೇರಿತು. ಬದುಕಿರುವ ಹೆಣ್ಣೊಬ್ಬಳು ಕಣ್ಣೆದುರೇ ಅಳಿಸಿಹೋಗುತ್ತಿದ್ದಾಳೆ, ಹದಿನೆಂಟರ ಹುಡುಗಿಯ ಓದು ಶುಕ್ರವಾರಕ್ಕೆ ಮುಗಿಯುತ್ತದೆ, ಈ ಮುದುಕಿ ನಿಶ್ಚಿಂತೆಯಿಂದ ಎಲೆ ಜಗಿಯುತ್ತಿದ್ದಾಳೆ! ಏನೋ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಂದಿತಾ ಅಂಗಡಿಯಿಂದ ಕರಿಬೇವು ಹಿಡಿದು ಬಂದಳು. ಅವಳ ರಟ್ಟೆ ಹಿಡಿದು ಹೊರಗಿನ ಜಗಲಿಗೆ ಎಳೆದುಕೊಂಡು ಹೋದೆ.

‘ಏನೇ ಇದು, ಮದುವೆಯಂತೆ?’

‘ಹೌದು ಮಿಸ್. ಅಮ್ಮ ಹೇಳಿದ್ಲು. ಮಾಡ್ಕೋತೀನಿ.’

‘ನಿನಗೆ ಇಷ್ಟ ಇದ್ಯಾ?’

‘ಇಲ್ಲ.’ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ‘ನಿನ್ನೆ ಅಮ್ಮ ನನ್ನ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ತಾನೇ ಅಂದ್ಲು. ಆ ಕೈ ಅಮ್ಮಂದೇ. ಓದಿದ್ರೆ ನಂಗೆ ಅಮ್ಮ ಸಿಗ್ತಾಳಾ ಮಿಸ್? ಹೇಳಿ, ಯಾವ ಡಿಗ್ರಿ ಮಾಡಿದ್ರೆ ಸಿಗ್ತಾಳೆ?’

ನನಗೆ ಆ ಹುಡುಗಿಯನ್ನು ತಬ್ಬಿಕೊಂಡು ಅಳಬೇಕೆನಿಸಿತು. ಅಷ್ಟರಲ್ಲಿ ಕಿಟಕಿಯ ಕಟ್ಟೆಯ ಫೋನ್ ಮತ್ತೆ ಹೊಡೆದುಕೊಂಡಿತು. ಸರಳಿನ ನಡುವೆ ಕೈ ಹಾಕಿ ಎತ್ತಿ, ಒಂದು ಮಾತೂ ಆಡದೆ ಅವಳ ಕಿವಿಗೆ ಒತ್ತಿದೆ. ಆ ಕಡೆಯ ಧ್ವನಿ ನನಗೂ ಕೇಳಿಸುತ್ತಿತ್ತು. ಮುದುಕಿ ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಬೇಡುತ್ತಿದ್ದಳು. ‘ಭಾಗ್ಯಾ... ನಾನು ಅಮ್ಮ ಕಣೇ ತಲ್ಲೀ. ಯಾಕೆ ನನ್ನ ಗೊತ್ತಿಲ್ಲ ಅಂತೀಯಾ? ಏನ್ ತಪ್ಪು ಮಾಡ್ದೆ ಹೇಳು. ಒಂದ್ ಸಲ ಅಮ್ಮಾ ಅನ್ನು, ಸಾಕು.’

ನಂದಿತಾ ಕಣ್ಣು ಮುಚ್ಚಿಕೊಂಡು ಕೇಳಿದಳು. ಕೊನೆಯವರೆಗೂ ಕೇಳಿದಳು. ಕಾಲ್ ಮುಗಿದ ಮೇಲೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

‘ನಾನೇನ್ ಮಾಡ್ಲಿ ಮಿಸ್?’

‘ಪ್ರಬಂಧ ಮುಗಿಸು,’ ಎಂದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು. ‘ಇಷ್ಟೂ ದಿನ ಹೋಲಿಕೆ ಹುಡುಕಿದ್ದೀಯ. ಅಮ್ಮನ ಬಗ್ಗೆ ಬರೀ ಒಳ್ಳೇದೇ ಬರೆದಿದ್ದೀಯ. ಅವಳಿಗೂ ಅದೇ ಅಳತೆ ಹಿಡಿ. ಇಬ್ಬರ ಮಧ್ಯೆ ಇರೋ ನಿಜವಾದ ವ್ಯತ್ಯಾಸ ಯಾವುದು? ಸೌಟಿನ ಕೈ ಅಲ್ಲ, ಬೆಲ್ಲ ಅಲ್ಲ. ನಿನಗೆ ಗೊತ್ತು. ಅದನ್ನ ಅವಳ ಮುಂದೆನೇ ಹೇಳು.’

‘ಸತ್ತೋರ ಬಗ್ಗೆ ಹಂಗೆಲ್ಲ ಹೇಳ್ಬಾರ್ದು ಮಿಸ್.’

‘ಸತ್ತೋರು ಅಡುಗೆಮನೇಲಿ ನಿಂತ್ಕೊಂಡಿದ್ದಾರೆ ಕಣೇ!’

ಅವಳು ಕಣ್ಣೊರೆಸಿಕೊಂಡು ಒಳಗೆ ನಡೆದಳು. ನಾನು ಹಿಂದೆಯೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

‘ಅಮ್ಮಾ,’ ಎಂದಳು ನಂದಿತಾ.

‘ಹ್ಞೂಂ. ಕರಿಬೇವು ತಂದ್ಯಾ?’ ಅವಳು ಒಲೆಯ ಕಡೆಯೇ ತಿರುಗಿದ್ದಳು.

‘ನೀನೂ ಚಿಕ್ಕಮ್ಮಾನೂ ತುಂಬಾ ವಿಷಯದಲ್ಲಿ ಒಂದೇ ಥರ. ಇಬ್ರೂ ನಾನು ಉಣ್ಣೋವರ್ಗೂ ಉಣ್ಣಲ್ಲ. ಇಬ್ರೂ ಅಜ್ಜಿ ಬೈದ್ರೆ ತಿರುಗಿ ಮಾತಾಡಲ್ಲ.’ ನಂದಿತಾ ಕರಿಬೇವನ್ನು ಕಟ್ಟೆಯ ಮೇಲಿಟ್ಟಳು. ‘ಆದ್ರೆ ನೀನು ನನ್ನ ಸ್ಕೂಲು ಬಿಡ್ಸಿ ಮಾವಂಗೆ ಕೊಡ್ತೀನಿ ಅಂದೆ. ನಾನು ಕಾಲು ಹಿಡ್ಕೊಂಡು ಅತ್ತೆ. ನೀನು ಕಾಲು ಎಳ್ಕೊಂಡೆ ಅಮ್ಮಾ. ನೀನು ಹೋದ್ಮೇಲೆ ಚಿಕ್ಕಮ್ಮ ಬಂದ್ಲು, ಆಗಿನ್ನೂ ಅವಳು ಈ ಮನೆಗೆ ಹೊಸಬಳು. ನಾನವಳ ಜೊತೆ ಮಾತೇ ಆಡ್ತಿರ್ಲಿಲ್ಲ. ಆದ್ರೂ ಎಲ್ಲಾರ ಹತ್ರ ಉಗಿಸ್ಕೊಂಡು, ಇವಳು ಓದ್ಲಿ ಅಂತ ನಿಂತ್ಲು. ನಾನು ಕೇಳಿರ್ಲಿಲ್ಲ. ನಾನೇನೂ ಕೇಳದೇನೇ ನಿಂತ್ಲು.’

ಗುನುಗು ನಿಂತಿತು. ಸಾರು ಕುದಿಯುವ ಸದ್ದು ಮಾತ್ರ ಕೇಳಿಸುತ್ತಿತ್ತು. ಹೊರಗೆ ಅಜ್ಜಿ ‘ಏನಂದ್ಯೇ?’ ಎಂದು ಕೂಗಿದಳು.

ಅವಳು ನಿಧಾನಕ್ಕೆ ತಿರುಗಿದಳು. ಭಾಗ್ಯಲಕ್ಷ್ಮಿಯ ಮುಖದೊಳಗಿಂದ ನನಗೆ ಪರಿಚಯವೇ ಇಲ್ಲದ ಹೆಂಗಸೊಬ್ಬಳು ಮಗಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

‘ಯಾರು ಬೇಕು ನಿಂಗೆ?’

ನಂದಿತಾ ನನ್ನ ಕಡೆ ನೋಡಿದಳು. ಎಲ್ಲದಕ್ಕೂ ಬಾಯಿ ಹಾಕುವ ನಾನು ಆಗ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದೆ. ಅವಳೇ ಹೇಳಬೇಕಿತ್ತು.

‘ಚಿಕ್ಕಮ್ಮ,’ ಎಂದಳು. ಅಷ್ಟು ಮೆಲ್ಲಗೆ ಅಂದರೂ ಆ ಮಾತು ಎಲ್ಲರಿಗೂ ಕೇಳಿಸಿತು.

ಅವಳು ಗ್ಯಾಸ್ ಆರಿಸಿದಳು. ಮಗಳ ಹತ್ತಿರ ಬಂದು, ಭುಜದಿಂದ ಜಾರಿದ್ದ ದುಪಟ್ಟಾ ಸರಿಮಾಡಿದಳು. ‘ನಾನು ಓದಿರ್ಲಿಲ್ಲ ಕಣವ್ವ,’ ಎಂದಳು. ‘ಓದ್ಸೋದು ಹೆಂಗೇಂತ ನಂಗ್ಯಾರು ತೋರ್ಸಿದ್ರು?’

ಆಮೇಲೆ ದಣಿದವಳಂತೆ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ತಲೆ ಒಂದು ಪಕ್ಕಕ್ಕೆ ವಾಲಿತು. ನಾನು ಓಡಿಹೋಗಿ ನೀರು ಚಿಮುಕಿಸಿದೆ. ಕಣ್ಣು ಬಿಟ್ಟವಳು ಸುತ್ತ ನೋಡಿ, ‘ಅಯ್ಯೋ ದೇವುಡಾ, ಇಲ್ಲೇ ನಿದ್ದೆ ಹೋಗ್ಬಿಟ್ನಾ?’ ಎಂದು ದೊಡ್ಡದಾಗಿ ನಕ್ಕಳು. ನಕ್ಕವಳು ಎದುರಿಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ ಹುಡುಗಿಯನ್ನು ಕಂಡು ತಟ್ಟನೆ ನಿಲ್ಲಿಸಿದಳು.

‘ಏನಾಯ್ತೇ? ಯಾರೇನಂದ್ರು? ಬಾ ಇಲ್ಲಿ.’

ನಂದಿತಾ ಹೋಗಿ ಅವಳ ಕೊರಳಿಗೆ ಜೋತುಬಿದ್ದಳು. ಹಾಗೆ ಅವಳನ್ನು ತಬ್ಬಿಕೊಂಡದ್ದು ಅದೇ ಮೊದಲಿರಬೇಕು, ಭಾಗ್ಯಲಕ್ಷ್ಮಿಗೆ ಕೈ ಎಲ್ಲಿ ಇಡಬೇಕೆಂದು ತೋಚಲಿಲ್ಲ.

‘ಅಮ್ಮ ಹೋಗ್ಬಿಟ್ಲು.’

‘ಗೊತ್ತು ಕಣಮ್ಮಾ. ಅಳು, ಅತ್ಬಿಡು,’ ಎಂದು ಭಾಗ್ಯಲಕ್ಷ್ಮಿ ಅವಳ ಬೆನ್ನು ಸವರಿದಳು. ‘ಆದ್ರೆ ಅದಾಗಿ ಎಷ್ಟು ಕಾಲ ಆಯ್ತು, ಇನ್ನೂ ಹಿಂಗೆ ಅಳ್ತಾರಾ?’

‘ಇಲ್ಲ ಚಿಕ್ಕಮ್ಮಾ,’ ಎಂದಳು ನಂದಿತಾ. ‘ಈಗ. ನಾನೇ ಹೋಗು ಅಂದೆ.’